ದಾರಿಯಲ್ಲಿ ಸಿಕ್ಕ ಗಂಟು

ವಸಂತ ಮಾಸದ ಒಂದು ರಾತ್ರಿ. ಬೆಳದಿಂಗಳಂಥ ಬಿಳಿಯ ಮಹಲು, ಹೂ-ಹಣ್ಣುಗಳ ಭಾರಕ್ಕೆ ಬಾಗಿದ ಮರಗಳು, ಗಿಳಿ-ಕೋಗಿಲೆಗಳ ಉಲಿ. ಗಂಡಹೆಂಡಿರ ಪ್ರಣಯಕಲಹದಲ್ಲಿ ಆಕೆಯ ಮುತ್ತಿನ ಹಾರ ಹರಿಯುತ್ತದೆ. ಮೂರರಲ್ಲೊಂದು ಪಾಲು ಮುತ್ತು ದಾಸಿಯ ಕೈಸೇರಿತು, ಆರರಲ್ಲೊಂದು ಪಾಲು ಹಾಸಿಗೆಯ ಮೇಲೆ ಬಿತ್ತು. ಉಳಿದುದರಲ್ಲಿ ಅರ್ಧ, ಮತ್ತೆ ಉಳಿದುದರಲ್ಲಿ ಅರ್ಧ, ಹೀಗೆ ಆರು ಸಲ ಅಲ್ಲಿ ಇಲ್ಲಿ ಚೆದುರಿ ಕೊನೆಗೆ 1161 ಉಳಿದವು. ಹಾರದಲ್ಲಿ ಇದ್ದ ಮುತ್ತೆಷ್ಟು?

ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದ ಲೆಕ್ಕವಿದು. ಗ್ರಂಥದ ಆರಂಭದಲ್ಲೇ ಆತ ಅಮೋಘವರ್ಷ ನೃಪತುಂಗನನ್ನು ಹೊಗಳುತ್ತಾನೆ. ಆ ದೊರೆಯ ರಾಜಧಾನಿ ಮಾನ್ಯಖೇಟವೇ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡ. ಲೆಕ್ಕವೇನೋ ಸಲೀಸು. ಮೂರರಲ್ಲೊಂದೂ ಆರರಲ್ಲೊಂದೂ ಕೂಡಿದರೆ ಅರ್ಧ. ಮಿಕ್ಕ ಅರ್ಧವನ್ನು ಆರು ಸಲ ಅರ್ಧ ಮಾಡಿದರೆ ಉಳಿಯುವುದು ಒಟ್ಟು ಹಾರದ 128ರಲ್ಲೊಂದು ಪಾಲು. 1161ನ್ನು 128ರಿಂದ ಗುಣಿಸಿದರೆ 1,48,608. ಇಷ್ಟು ಮುತ್ತಿನ ಹಾರವನ್ನು ಯಾವ ಕೊರಳು ತಾಳೀತೋ, ಕವಿ ಆ ಚಿಂತೆ ಮಾಡಿಲ್ಲ.

ಇದು ಸೊಗಸಾದ ಲೆಕ್ಕ, ಸರಿ. ಆದರೆ ಇಲ್ಲಿ ಕಥೆ ಬರೀ ಒಡವೆ. ಮಹಲನ್ನು, ಕೋಗಿಲೆಯನ್ನು ತೆಗೆದುಹಾಕಿದರೂ ಅರ್ಧದ ಅರ್ಧ ಹಾಗೇ ಉಳಿಯುತ್ತದೆ. ಇದೇ ಗ್ರಂಥದ ಇನ್ನೊಂದು ಲೆಕ್ಕದಲ್ಲಿ ಮಾತ್ರ ಕಥೆಯೇ ಗಣಿತ.

ಮೂವರು ವರ್ತಕರಿಗೆ ದಾರಿಯಲ್ಲಿ ಹಣದ ಗಂಟೊಂದು ಕಾಣುತ್ತದೆ. ‘ಇದು ನನಗೆ ಸಿಕ್ಕರೆ ನಿಮ್ಮಿಬ್ಬರ ಹಣ ಸೇರಿದರೂ ಅದರ ಎರಡು ಪಟ್ಟು ನನ್ನಲ್ಲಿರುತ್ತದೆ’ ಎನ್ನುತ್ತಾನೆ ಮೊದಲಿನವನು. ಎರಡನೆಯವನು ‘ನನಗಾದರೆ ಮೂರು ಪಟ್ಟು’ ಎಂದರೆ, ಮೂರನೆಯವನು ‘ನನಗೆ ಐದು ಪಟ್ಟು’ ಎನ್ನುತ್ತಾನೆ. ಗಂಟಿನಲ್ಲಿ ಎಷ್ಟಿತ್ತು, ಒಬ್ಬೊಬ್ಬರ ಬಳಿ ಎಷ್ಟಿತ್ತು? ಲೆಕ್ಕಕ್ಕೆ ಬೇಕಾದ ಸಂಖ್ಯೆಗಳೆಲ್ಲ ಅವರ ಆಸೆಯ ಮಾತಿನಲ್ಲೇ ಇವೆ. ಹೊರಗಿನಿಂದ ಒಂದು ಪೈಸೆಯ ಸುಳಿವೂ ಇಲ್ಲ.

ಇಂದಿನ ವಿದ್ಯಾರ್ಥಿ ತಕ್ಷಣ ಎಕ್ಸ್, ವೈ, ಝಡ್ ಬರೆದು ಸಮೀಕರಣಕ್ಕೆ ಇಳಿಯುತ್ತಾನೆ. ಸ್ವಲ್ಪ ತಡೆಯಬೇಕು. ಗಂಟು ಯಾರ ಕೈಗೆ ಹೋದರೂ, ಮೂವರ ಹಣ ಮತ್ತು ಗಂಟು ಸೇರಿದ ಒಟ್ಟು ಮೊತ್ತ ಬದಲಾಗುವುದಿಲ್ಲ. ಮೊದಲಿನವನದು ಉಳಿದಿಬ್ಬರ ಎರಡು ಪಟ್ಟು ಎಂದರೆ, ಒಟ್ಟು ಮೂರು ಪಾಲಿನಲ್ಲಿ ಆ ಇಬ್ಬರದು ಒಂದು ಪಾಲು. ಹಾಗೆಯೇ ಎರಡನೆಯವನನ್ನು ಬಿಟ್ಟ ಇಬ್ಬರದು ನಾಲ್ಕರಲ್ಲೊಂದು, ಮೂರನೆಯವನನ್ನು ಬಿಟ್ಟ ಇಬ್ಬರದು ಆರರಲ್ಲೊಂದು. ಒಟ್ಟನ್ನು 24 ಎಂದು ಹಿಡಿಯಿರಿ. ಈ ಜೋಡಿಗಳು 8, 6, 4 ಆಗುತ್ತವೆ. ಮೂರನ್ನೂ ಕೂಡಿದರೆ 18. ಪ್ರತಿಯೊಬ್ಬನೂ ಎರಡೆರಡು ಸಲ ಎಣಿಕೆಗೆ ಬಂದಿರುವುದರಿಂದ ಮೂವರ ಹಣ 9. ಅಲ್ಲಿಗೆ ಗಂಟಿನಲ್ಲಿ 15. ಒಂಬತ್ತರಲ್ಲಿ ಎಂಟು ಕಳೆದರೆ ಮೊದಲಿನವನ ಬಳಿ 1, ಆರು ಕಳೆದರೆ ಎರಡನೆಯವನ ಬಳಿ 3, ನಾಲ್ಕು ಕಳೆದರೆ ಮೂರನೆಯವನ ಬಳಿ 5. ತಾಳೆ ನೋಡಿ: 1 ಮತ್ತು 15 ಸೇರಿ 16, ಉಳಿದಿಬ್ಬರ 8ರ ಎರಡು ಪಟ್ಟು.

ಕಸುಬಿನ ಗುಟ್ಟು ಗೊತ್ತಾಗುವುದು ಲೆಕ್ಕ ಬಿಡಿಸಿದ ಮೇಲೆ, ಸಂಖ್ಯೆ ಕೆದಕಿದಾಗ. ಎರಡು, ಮೂರು ಆದ ಮೇಲೆ ನಾಲ್ಕು ಬರಬೇಕಿತ್ತಲ್ಲ, ಐದಕ್ಕೆ ಹಾರಿದ್ದೇಕೆ? ಮೂರನೆಯವನ ಬಾಯಲ್ಲಿ ನಾಲ್ಕು ಪಟ್ಟು ಎನ್ನಿಸಿ ನೋಡಿ. ಆಗ ಪಾಲುಗಳು ಮೂರು, ನಾಲ್ಕು, ಐದು. ಅವುಗಳ ಲಸಾಅ (ಲಘುತ್ತಮ ಸಾಮಾನ್ಯ ಅಪವರ್ತ್ಯ) 60, ಅದನ್ನೂ ಇಮ್ಮಡಿ ಮಾಡದೆ ಪೂರ್ಣಾಂಕ ಸಿಗದು. ಕೊನೆಗೆ ಗಂಟಿನಲ್ಲಿ 73, ವರ್ತಕರ ಬಳಿ 7, 17, 23. ಉತ್ತರ ತಪ್ಪಲ್ಲ, ಆದರೆ ಊಟದ ಮಧ್ಯೆ ಕಲ್ಲು ಸಿಕ್ಕ ಹಾಗೆ. ಐದು ಎಂದಾಗ ಪಾಲುಗಳು ಮೂರು, ನಾಲ್ಕು, ಆರು. ಅವುಗಳ ಲಸಾಅ ಬರೀ 12, ಇಮ್ಮಡಿ ಮಾಡಿದರೂ 24. ಉತ್ತರವೂ 1, 3, 5, 15 ಎಂದು ಬಾಯಲ್ಲೇ ನಿಲ್ಲುತ್ತದೆ. ಪದ್ಯದಲ್ಲಿ ಬಾಯಿಪಾಠವಾಗಿ ಸಾಗಬೇಕಿದ್ದ ಗಣಿತಕ್ಕೆ ಇದು ಸಣ್ಣ ಅನುಕೂಲವಲ್ಲ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದಾಗಲೂ ಪದ್ಯದ ದಾರಿಯನ್ನೇ ಹಿಡಿದ.

ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಲೆಕ್ಕ ಬಿಡಿಸಲು ಕೊಡುತ್ತೇವೆ, ಕಟ್ಟಲು ಕೊಡುವುದು ಅಪರೂಪ. ಗಂಟಿನ ಲೆಕ್ಕವನ್ನು ಹಿಂದಿನಿಂದ ಕಟ್ಟುವುದು ಎಂಟನೆಯ ತರಗತಿಯವರಿಗೂ ಸಾಧ್ಯ. ಮೊದಲು ಒಟ್ಟನ್ನು ಆರಿಸಿಕೊಳ್ಳಬೇಕು, 60 ಎನ್ನಿ. ಮೂರು ಜೋಡಿಗಳ ಹಣವಾಗಿ, ಅದನ್ನು ನಿಶ್ಶೇಷವಾಗಿ ಭಾಗಿಸುವ ಮೂರು ಸಂಖ್ಯೆ ಬೇಕು. ಅವುಗಳ ಮೊತ್ತ ಸಮಸಂಖ್ಯೆಯಾಗಬೇಕು, ಯಾವ ಎರಡನ್ನು ಕೂಡಿದರೂ ಮೂರನೆಯದಕ್ಕಿಂತ ಹೆಚ್ಚಾಗಬೇಕು. ಇಲ್ಲವಾದರೆ ಯಾವನೋ ಒಬ್ಬ ವರ್ತಕ ಬರಿಗೈಯವನಾಗುತ್ತಾನೆ, ಇಲ್ಲವೇ ಸಾಲಗಾರನಾಗುತ್ತಾನೆ. 20, 12, 10 ಹೊಂದುತ್ತವೆ. ಮೂವರ ಹಣ 21, ಅಂದರೆ 1, 9, 11, ಗಂಟಿನಲ್ಲಿ 39. ಇನ್ನು ವರ್ತಕರು ಆಡಬೇಕಾದ ಮಾತು: ಎರಡು ಪಟ್ಟು, ನಾಲ್ಕು ಪಟ್ಟು, ಐದು ಪಟ್ಟು. ಉತ್ತರವನ್ನು ಮುಚ್ಚಿಟ್ಟು ಪಕ್ಕದ ಬೆಂಚಿನವನಿಗೆ ಕೊಡಬಹುದು.