ಗಾಂಧಿ ಬಜಾರಿನಲ್ಲಿ ಮುಸುಕಿನ ಕಳ್ಳ

ಬೆಂಗಳೂರಿನ ಟ್ಯಾಗೋರ್ ವೃತ್ತದಿಂದ ಗಾಂಧಿ ಬಜಾರಿನೊಳಕ್ಕೆ ನಡೆದರೆ ಸೇವಂತಿಗೆ ರಾಶಿಯ ಪಕ್ಕದಲ್ಲೇ ಕ್ಯೂಆರ್ ಫಲಕ. ಹೂವಿನಮ್ಮ ಗಿರಾಕಿ ಚಾಚಿದ ಮೊಬೈಲಿನತ್ತ ನೋಡುವುದೇ ಇಲ್ಲ. ‘ಸ್ಪೀಕರ್ ಹೇಳ್ಲಿ ಇರಿ ಸಾರ್’ ಎನ್ನುತ್ತಾರೆ. ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಜಾರಿಕೊಳ್ಳುವವರಿಗೆ ಪುಟ್ಟ ಡಬ್ಬಿಯ ದನಿಯೇ ಮದ್ದು.

ಮುಂದೆ ಬ್ಯಾಂಕೊಂದರ ಗಾಜಿನ ಬಾಗಿಲು. ಅದರ ಮೇಲಿನ ಪೋಸ್ಟರಿನಲ್ಲಿ ಮುಸುಕು ಹೊದ್ದ, ಮುಖವಿಲ್ಲದ ಆಳು. ಹಿಂದೆ ಹಸಿರು ಅಂಕಿಗಳ ಮಳೆ. ಮೇಲೆ ಕೆಂಪಕ್ಷರದ ‘ಎಚ್ಚರ’. ವಂಚಕ ಕತ್ತಲಲ್ಲಿರುತ್ತಾನೆ, ಕಂಡರೆ ಗುರುತು ಸಿಗುತ್ತದೆ ಎಂಬುದು ಈ ಚಿತ್ರದ ವಾದ. ಫೋನಿನಲ್ಲೇ ಬಂಧಿಸಿದ್ದೇವೆಂದು ‘ಡಿಜಿಟಲ್ ಅರೆಸ್ಟ್’ ಹೆಸರಿನಲ್ಲಿ ಹೆದರಿಸುವವನು ಹಾಗಿರುವುದಿಲ್ಲ. ವಿಡಿಯೊ ಕರೆಯಲ್ಲಿ ಖಾಕಿ ತೊಟ್ಟು, ಠಾಣೆಯಂತೆ ಸಿಂಗರಿಸಿದ ಕೋಣೆಯಲ್ಲಿ ಕೂತಿರುತ್ತಾನೆ. ಮುಸುಕನ್ನೇ ಹುಡುಕುವ ಕಣ್ಣು ಖಾಕಿಗೆ ಕೈಮುಗಿಯುತ್ತದೆ.

ಒಳಗೋಡೆಯ ಪ್ರಕಟಣೆಯಲ್ಲಿ ಚಿತ್ರವಿಲ್ಲ. ಸರ್ಕಾರಿ ಲಾಂಛನ, ಕೆಳಗೆ ಒತ್ತಾದ ಸಾಲುಗಳು. ಲಾಂಛನವಿದ್ದರೆ ಜನ ನಂಬುತ್ತಾರೆಂಬ ಲೆಕ್ಕ. ವಂಚಕನದೂ ಅದೇ ಲೆಕ್ಕ: ಅವನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ನಕಲಿ ವಾರಂಟಿನ ತಲೆಯ ಮೇಲೂ ಸಿಂಹಗಳಿರುತ್ತವೆ.

ಎಚ್‌ಡಿಎಫ್‌ಸಿ ಬ್ಯಾಂಕ್ 2022ರಲ್ಲಿ ವಂಚನೆ ವಿರುದ್ಧದ ಪ್ರಚಾರಕ್ಕೆ ‘ವಿಜಿಲ್ ಆಂಟಿ’ಯನ್ನು ತಂದಾಗ ಕಳ್ಳನನ್ನು ಬಿಟ್ಟು, ಗದರಿ ಬುದ್ಧಿ ಹೇಳುವ ಹೆಂಗಸಿಗೆ ಮುಖ ಕೊಟ್ಟಿತು. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಹೇಳಿದ್ದೂ ವಂಚಕನ ಚಹರೆಯನ್ನಲ್ಲ, ಮೂರು ಹೆಜ್ಜೆ: ನಿಲ್ಲಿ, ಯೋಚಿಸಿ, ಕ್ರಮ ಕೈಗೊಳ್ಳಿ.

ಎಟಿಎಂ ಕೋಣೆಯ ಅಂಗೈಯಗಲದ ಚೀಟಿ ಈ ದಾರಿ ಹಿಡಿದಿದೆ. ಒಂದು ಬೆರಳು, ನಾಲ್ಕು ಚುಕ್ಕಿ, ಮೇಲೊಂದು ಅಡ್ಡಗೆರೆ: ‘ಹಣ ಪಡೆಯಲು ಪಿನ್ ಬೇಡ’. ಓದು ಬಾರದವರಿಗೂ ಬೆರಳನ್ನು ಎಲ್ಲಿ ತಡೆಯಬೇಕೆಂದು ತಿಳಿಯುತ್ತದೆ.

ಆದರೆ 1930 ಎಂಬ ಸಹಾಯವಾಣಿ ಸಂಖ್ಯೆ ಪೋಸ್ಟರು, ಪ್ರಕಟಣೆ, ಚೀಟಿ ಮೂರರಲ್ಲೂ ಅಡಿಯ ಮೂಲೆಯಲ್ಲಿದೆ, ಕನ್ನಡಕ ಬೇಡುವಷ್ಟು ಸಣ್ಣದಾಗಿ. ಕದ್ದ ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲೇ ದೂರು ಹೋದರೆ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು. ಹಣ ಕಳೆದುಕೊಂಡು ನಡುಗುತ್ತಿರುವವರಿಗೆ ಬೇಕಾದದ್ದು ಆ ನಾಲ್ಕು ಅಂಕಿ. ಪೋಸ್ಟರಿನ ಮುಕ್ಕಾಲು ಜಾಗ ಕಬಳಿಸಿರುವ ಮುಸುಕಿನವನನ್ನು ಎಬ್ಬಿಸಿ, ಅಲ್ಲಿ ಅವನ್ನು ಕೂರಿಸಬೇಕು.