ಮಗುವನ್ನು ಸ್ಕೌಟ್ ದಳಕ್ಕೆ ಸೇರಿಸುವ ಮುನ್ನ

ಜೂನ್ ತಿಂಗಳ ಮಳೆಯೊಡನೆ ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಶಾಲೆಗಳಲ್ಲಿ ಹೊಸ ವರ್ಷದ ಪಾಠಗಳು ಬಿರುಸುಗೊಳ್ಳುತ್ತವೆ. ಆ ದಿನಗಳಲ್ಲಿ ಮಕ್ಕಳ ಕೈಯಲ್ಲಿ ಒಂದು ಚೀಟಿ ಮನೆಗೆ ಬರುವುದುಂಟು. ಮಗನನ್ನು ಸ್ಕೌಟ್ ದಳಕ್ಕೆ, ಮಗಳನ್ನು ಗೈಡ್ ದಳಕ್ಕೆ ಸೇರಿಸಲು ಒಪ್ಪಿಗೆಯುಂಟೆ ಎಂಬುದು ಅದರ ಒಕ್ಕಣೆ. ಬಹುಮಂದಿ ತಂದೆತಾಯಿಗಳು ಸಮವಸ್ತ್ರದ ಖರ್ಚೆಷ್ಟೆಂದು ಮಾತ್ರ ಕೇಳಿ ರುಜು ಹಾಕುತ್ತಾರೆ. ಕೆಲವರು ಓದಿಗೆ ಅಡ್ಡಿಯಾದೀತೆಂದು ಅದನ್ನು ಹಾಗೆಯೇ ಹಿಂದಿರುಗಿಸುತ್ತಾರೆ. ಒಪ್ಪುವವರಾಗಲಿ ಒಪ್ಪದವರಾಗಲಿ, ಆ ಚೀಟಿ ಕೇಳುತ್ತಿರುವುದೇನೆಂದು ಮೊದಲು ತಿಳಿಯುವುದು ಮೇಲು.

ಹಿಂದೆ ಕನ್ನಡದಲ್ಲಿ ಸ್ಕೌಟ್ ದಳಕ್ಕೆ 'ಬಾಲಚಮೂ' ಎಂಬ ಹೆಸರಿತ್ತು. ಚಮೂ ಎಂದರೆ ಸೇನೆ. ಇದು ಸೈನಿಕ ಶಿಕ್ಷಣವೆಂಬ ಭಾವನೆ ಬೆಳೆಯಲು ಆ ಹೆಸರೂ ಒಂದು ಕಾರಣವಾಗಿರಬಹುದು. ಸ್ಥಾಪಕ ಬೇಡನ್ ಪೊವೆಲ್ ಸೇನಾಧಿಕಾರಿಯಾಗಿದ್ದುದು ನಿಜ. 1899–1900ರಲ್ಲಿ ದಕ್ಷಿಣ ಆಫ್ರಿಕದ ಮೆಫಕಿಂಗ್ ಪಟ್ಟಣವು ಮುತ್ತಿಗೆಗೆ ಸಿಕ್ಕಿದ್ದಾಗ ಚಿಕ್ಕ ಹುಡುಗರು ಸಂದೇಶ ಒಯ್ಯುವ ಹೊಣೆಯನ್ನು ನಿರ್ವಹಿಸಿದ್ದನ್ನು ಆತ ಕಂಡಿದ್ದ. ಆದರೆ 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಆತ ನಡೆಸಿದ ಮೊದಲ ಶಿಬಿರದಲ್ಲಿ ಹುಡುಗರು ಕಲಿತದ್ದು ಯುದ್ಧವನ್ನಲ್ಲ. ಅಡುಗೆ, ಗಂಟು ಕಟ್ಟುವಿಕೆ, ಹೆಜ್ಜೆಗುರುತುಗಳ ಪರಿಶೀಲನೆ, ಪ್ರಥಮ ಚಿಕಿತ್ಸೆ ಮುಂತಾದವನ್ನು. ಅಲ್ಲಿದ್ದ ಸುಮಾರು 20 ಹುಡುಗರಲ್ಲಿ ಸಿರಿವಂತರ ಮಕ್ಕಳೂ ದುಡಿಮೆಗಾರರ ಮಕ್ಕಳೂ ಒಂದೇ ಬಯಲಿನಲ್ಲಿ ಡೇರೆ ಹಾಕಿ ಮಲಗಿದರು.

ಇಂಥ ಸಂಸ್ಥೆ ಭಾರತಕ್ಕೆ ಬಂದಾಗ ಭಾರತೀಯರನ್ನೇ ಹೊರಗಿಟ್ಟಿತೆಂಬುದು ವಿಪರ್ಯಾಸ. 1909ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ದಳ ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಹುಡುಗರಿಗೆ ಮೀಸಲಾಗಿತ್ತು. ಆ್ಯನಿ ಬೆಸೆಂಟರು 1916ರಲ್ಲಿ ಮದರಾಸಿನಲ್ಲಿ, ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು ಮೊದಲಾದವರು 1918ರಲ್ಲಿ ಉತ್ತರ ಭಾರತದಲ್ಲಿ, ನಮ್ಮ ಮಕ್ಕಳಿಗಾಗಿ ಬೇರೆ ಸಂಘಗಳನ್ನು ಕಟ್ಟಬೇಕಾಯಿತು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಬೇರೆ ಬೇರೆಯಾಗಿದ್ದ ಸಂಘಗಳು ಕೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. ಮರುವರ್ಷ ಗೈಡ್ ಸಂಸ್ಥೆಯೂ ಅದರೊಳಗೆ ಸೇರಿತು.

ದಳದ ಜೀವ ಇರುವುದು ಆರೆಂಟು ಮಕ್ಕಳ ಚಿಕ್ಕ ತಂಡದಲ್ಲಿ. ತಂಡಕ್ಕೆ ಮಕ್ಕಳಲ್ಲೇ ಒಬ್ಬ ನಾಯಕ. ಅಂಥ ಕೆಲವು ತಂಡಗಳು ಕೂಡಿ ಒಂದು ದಳ. ಶಿಬಿರದಲ್ಲಿ ತಂಡವೇ ಒಲೆ ಹೂಡಬೇಕು, ನೀರು ತರಬೇಕು, ಅನ್ನ ಬೇಯಿಸಬೇಕು. ಕರಾವಳಿಯ ಕುಚ್ಚಲಕ್ಕಿ ಬೆಳ್ತಿಗೆಯಂತೆ ಬೇಗ ಬೇಯುವುದಲ್ಲ. ಹಸಿ ಸೌದೆ ಹೊಗೆಯಾಡುತ್ತಿದ್ದರೆ ಗಂಜಿ ಆಗುವಷ್ಟರಲ್ಲಿ ಸಂಜೆಯೇ ಕಳೆದೀತು. ಆಗ ಹಸಿದ ಎಂಟು ಮಂದಿ ಒಬ್ಬರನ್ನೊಬ್ಬರು ದೂರುತ್ತಾರೆ. ಮರುದಿನ ಮಧ್ಯಾಹ್ನವೇ ಒಣ ಮಡಲನ್ನು ಆಯ್ದು ತಂದು ಒಳಗಿಡುತ್ತಾರೆ. ಸ್ಕೌಟ್ ಶಿಕ್ಷಣದ ಬಹುಭಾಗ ನಡೆಯುವುದು ಹೀಗೆಯೇ. ಮಗುವಿಗೆ ಹಸಿವಾದೀತೆಂದು ತಿಂಡಿಯ ಡಬ್ಬ ಹಿಡಿದು ಶಿಬಿರದ ಬಾಗಿಲಿಗೆ ಬರುವ ತಾಯಿ, ತಾನು ರುಜು ಹಾಕಿದ ಒಪ್ಪಿಗೆಯನ್ನು ತಾನೇ ಹಿಂದಕ್ಕೆ ಪಡೆದಂತೆ.

ಹಾಗೆಂದು ಎಲ್ಲವನ್ನೂ ಮಕ್ಕಳಿಗೆ ಬಿಟ್ಟು ಹಿರಿಯರು ನಿಶ್ಚಿಂತರಾಗಿರಬಹುದೆಂದಲ್ಲ. ಮಗುವಿಗೆ ಎಷ್ಟು ಸ್ವಾತಂತ್ರ್ಯ ಕೊಡುತ್ತೇವೆಯೋ ಅದನ್ನು ಕಾಯುವ ಕಣ್ಣು ಅಷ್ಟೇ ಎಚ್ಚರವಾಗಿರಬೇಕು. ಆದ್ದರಿಂದ ತಂದೆತಾಯಿಗಳು ಸಮವಸ್ತ್ರದ ಬೆಲೆಗಿಂತ ಮೊದಲು ಕೇಳಬೇಕಾದದ್ದು ದಳದ ನಾಯಕತ್ವ ಯಾರದೆಂದು. ಸ್ಕೌಟ್ ಮಾಸ್ಟರ್ ಅಥವಾ ಗೈಡ್ ಕ್ಯಾಪ್ಟನ್ ಆಗುವವರಿಗೆ ಮೂಲ ತರಬೇತಿಯಿಂದ ತೊಡಗಿ ಹಿಮಾಲಯ ವುಡ್ ಬ್ಯಾಡ್ಜ್‌ವರೆಗೆ ಕ್ರಮಬದ್ಧವಾದ ಶಿಕ್ಷಣವಿದೆ. ಅದನ್ನು ಪಡೆದಿದ್ದೀರಾ ಎಂದು ವಿಚಾರಿಸುವುದು ಗುರುಗಳಿಗೆ ಮಾಡುವ ಅಗೌರವವಲ್ಲ. ಒಳ್ಳೆಯ ನಾಯಕನಿಗೆ ಇಂಥ ಪ್ರಶ್ನೆಯಿಂದ ಸಂತೋಷವೇ ಆದೀತು. ಶಿಬಿರಕ್ಕೆ ಎಷ್ಟು ಮಂದಿ ಹಿರಿಯರು ಹೋಗುತ್ತಾರೆ, ಹುಡುಗಿಯರೊಂದಿಗೆ ಶಿಕ್ಷಕಿಯರು ರಾತ್ರಿಯೂ ಇರುತ್ತಾರೆಯೇ, ಒಬ್ಬನೇ ಹಿರಿಯ ಒಂದೇ ಮಗುವಿನೊಡನೆ ಏಕಾಂತದಲ್ಲಿ ಉಳಿಯುವ ಪ್ರಸಂಗವನ್ನು ತಪ್ಪಿಸಲಾಗಿದೆಯೇ ಎಂಬುದನ್ನೂ ಸಂಕೋಚವಿಲ್ಲದೆ ಕೇಳಬೇಕು. ಇಂಥ ಪ್ರಶ್ನೆಗೆ ಸಿಡುಕಿನ ಉತ್ತರ ಬಂದರೆ ಚೀಟಿಯನ್ನು ರುಜುವಿಲ್ಲದೆ ಹಿಂದಿರುಗಿಸುವುದೇ ಲೇಸು.

ಈ ಸೀಮೆಯ ನೀರಿನ ವಿಷಯ ಬೇರೆಯೇ. ಮಳೆಗಾಲದಲ್ಲಿ ಕಾಪುವಿನ ದೀಪಸ್ತಂಭದ ಬಳಿಯ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ, ಸಮುದ್ರ ಕೆರಳಿರುತ್ತದೆ. ಸ್ವರ್ಣಾ, ಸೀತಾ ನದಿಗಳು ತುಂಬಿ ಹರಿಯುತ್ತವೆ. ಕಾರ್ಕಳದ ಮೂಡಣ ಕಾಡುಗಳಲ್ಲಿ ಜಿಗಣೆಯ ಕಾಟ, ಹಾವಿನ ಭಯ. ಇಂಥಲ್ಲಿಗೆ ಮಕ್ಕಳನ್ನು ಕರೆದೊಯ್ಯುವವರು ಮಳೆ ನಿಂತ ಮೇಲಿನ ತಿಂಗಳುಗಳನ್ನು ಆಯ್ದುಕೊಳ್ಳುವುದು ವಿವೇಕ. ಈಜು ಬಲ್ಲ ಹಿರಿಯರಿಲ್ಲದೆ ನೀರಿಗಿಳಿಯುವಂತಿಲ್ಲವೆಂಬ ನಿಯಮ ಎಷ್ಟು ಕಟ್ಟುನಿಟ್ಟಾಗಿದ್ದರೂ ಹೆಚ್ಚಲ್ಲ. ಹತ್ತಿರದ ಆಸ್ಪತ್ರೆ ಯಾವುದು, ಮಗುವಿಗೆ ಉಬ್ಬಸವೋ ಅಪಸ್ಮಾರವೋ ಇದ್ದರೆ ಅದರ ಔಷಧಿ ಯಾರ ಬಳಿ ಇರುತ್ತದೆ ಎಂಬುದು ಮೊದಲೇ ಗೊತ್ತಾಗಬೇಕು. ಕಾಯಿಲೆಯನ್ನು ಮುಚ್ಚಿಟ್ಟು ಕಳುಹಿಸುವ ತಂದೆತಾಯಿಗಳೂ ಇದ್ದಾರೆ; ಅದು ದೊಡ್ಡ ತಪ್ಪು.

ಸ್ಕೌಟ್ ಪ್ರತಿಜ್ಞೆಯಲ್ಲಿ ದೇವರ ಹೆಸರಿದೆ. ಇಷ್ಟವಿದ್ದವರು ಆ ಸ್ಥಳದಲ್ಲಿ 'ಧರ್ಮ' ಎನ್ನಬಹುದು. ಯಾವ ಮತದ ಮಗುವಿಗೂ ಇಲ್ಲಿ ಅಡ್ಡಿಯಿಲ್ಲ.

2022ರ ಡಿಸೆಂಬರಿನಲ್ಲಿ ಕಾರ್ಕಳದ ನೆರೆಯ ಮೂಡುಬಿದಿರೆಯಲ್ಲಿ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದಾಗ ಸಾವಿರಾರು ಮಕ್ಕಳು ಸೇರಿದ್ದರು. ಆ ವೈಭವವನ್ನು ಕಂಡವರು ಸ್ಕೌಟಿಂಗ್ ಎಂದರೆ ಅದೇ ಎಂದು ತಿಳಿದರೆ ಆಶ್ಚರ್ಯವಿಲ್ಲ. ಆದರೆ ಜಾತ್ರೆ ವರ್ಷಕ್ಕೊಮ್ಮೆ, ಬೇಸಾಯ ದಿನದಿನದ್ದು. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನಗಳನ್ನು ಒಂದೊಂದಾಗಿ ಏರಿಯೇ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪ್ರಶಸ್ತಿಗಳನ್ನು ಮುಟ್ಟಬೇಕು. ಒಂದೊಂದಕ್ಕೂ ತಿಂಗಳುಗಳೇ ಬೇಕು. ಪ್ರಮಾಣಪತ್ರದ ಆಸೆಯಿಂದ ಹತ್ತನೆಯ ತರಗತಿಯಲ್ಲಿ ಮಗುವನ್ನು ತಂದು ಸೇರಿಸಿದರೆ ಪ್ರಮಾಣಪತ್ರವೂ ದೊರೆಯದು, ಓದೂ ಕೆಡುವುದು. 10 ವರ್ಷ ತುಂಬಿದ ಮಗು ಸ್ಕೌಟ್ ಅಥವಾ ಗೈಡ್ ಆಗಬಹುದು. ಅದಕ್ಕಿಂತ ಚಿಕ್ಕವರಿಗೆ ಕಬ್, ಬುಲ್‌ಬುಲ್ ವಿಭಾಗಗಳಿವೆ. ಬೇಗ ಸೇರಿದವರಿಗೆ ವಾರಕ್ಕೊಂದು ಸಂಜೆಯ ಕೂಟ ಓದಿಗೆ ಭಾರವಾಗುವುದಿಲ್ಲ.

ಮೊದಲ ಶಿಬಿರದ ದಿನ ಬಂದಾಗ ಹಾಸಿಗೆ, ತಟ್ಟೆ, ಲೋಟ, ಟಾರ್ಚು, ಹಗ್ಗ ಇವನ್ನೆಲ್ಲ ಚೀಲಕ್ಕೆ ತುಂಬುವ ಕೆಲಸವನ್ನು ಮಗುವಿಗೇ ಬಿಡಬೇಕು. ತಾಯಿ ತುಂಬಿಕೊಟ್ಟ ಚೀಲದಲ್ಲಿ ಟಾರ್ಚು ಯಾವ ಮೂಲೆಯಲ್ಲಿದೆಯೆಂದು ಡೇರೆಯ ಕತ್ತಲಲ್ಲಿ ಮಗುವಿಗೆ ತಿಳಿಯದು.