ಹಳೆಯ ಬಿಡಿಭಾಗವೂ ನ್ಯಾಯವಾದ ಬೆಲೆಯೂ

ಹೊಸ ವಸ್ತುವಿಗೆ ಬೆಲೆಯನ್ನು ಕಟ್ಟತಕ್ಕವನು ವರ್ತಕನು; ಹಳೆಯ ವಸ್ತುವಿಗಾದರೋ ಕೊಡುವವನೂ ಕೊಳ್ಳುವವನೂ ಕೂಡಿಯೇ ಬೆಲೆಯನ್ನು ಕಟ್ಟಬೇಕಾಗುವುದು. ಈ ಎರಡನೆಯ ಕೆಲಸವು ಎಷ್ಟು ಕಷ್ಟವೆಂಬುದನ್ನು ನಾನು ಅರಿತುದು ಈಚೆಗೆ, ನಮ್ಮ ಮನೆಯ ಮೋಟಾರು ಗಾಡಿಯ ಆಲ್ಟರ್ನೇಟರು ಕೆಟ್ಟುಹೋದಾಗ. ಮೂವತ್ತು ವರ್ಷಗಳಿಗೂ ಮಿಕ್ಕು ಹುಡುಗರಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟ ನಾನು, ಆ ವಾರ ಒಬ್ಬ ತರುಣ ಮೆಕ್ಯಾನಿಕನಿಂದ ಪಾಠ ಹೇಳಿಸಿಕೊಂಡೆನು. ಅದರಲ್ಲಿ ಗೃಹಸ್ಥರಿಗೆ ಉಪಯುಕ್ತವಾದ ಅಂಶಗಳು ಕೆಲವಿರುವುದರಿಂದ, ನನ್ನ ಸಣ್ಣತನವೂ ಹೊರಬೀಳುವುದಲ್ಲಾ ಎಂಬ ಸಂಕೋಚವನ್ನು ಬದಿಗಿಟ್ಟು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು 2009ರಲ್ಲಿ ಕೊಂಡ ಮಾರುತಿ 800. 1983ರ ಡಿಸೆಂಬರಿನಲ್ಲಿ ಮೊದಲು ಬೀದಿಗಿಳಿದ ಈ ಗಾಡಿಯ ತಯಾರಿಕೆಯು 2014ರ ಜನವರಿಯಲ್ಲಿ ನಿಂತುಹೋಯಿತು. ಆದರೂ ಸಾಕಿದ ಹಸುವನ್ನು ಮುದಿಯಾಯಿತೆಂದು ಅಟ್ಟಲಾರದ ಮನಸ್ಸಿನವರು ನಾವು. ಆಲ್ಟರ್ನೇಟರೆಂದರೆ, ಎಂಜಿನು ತಿರುಗುವಾಗ ವಿದ್ಯುತ್ತನ್ನು ಹುಟ್ಟಿಸಿ ಬ್ಯಾಟರಿಯನ್ನು ತುಂಬುವ ಯಂತ್ರ. ಹೊಸದಕ್ಕೆ ಅಂಗಡಿಯವನು 5,200 ರೂಪಾಯಿ ಹೇಳಿದನು. ನಿವೃತ್ತಿ ವೇತನದವನಿಗೆ ಅದು ಹೆಚ್ಚೆನಿಸಿತು. ಹಿಂದಾಗಿದ್ದರೆ ಬೆಂಗಳೂರಿನ ಶಿವಾಜಿನಗರದ ಗುಜರಿ ಬೀದಿಗಳಲ್ಲಿ ಅಲೆಯಬೇಕಾಗಿತ್ತು. ಈಗ ಅಂತರ್ಜಾಲದ ಜಾಹೀರಾತು ತಾಣಗಳು ಆ ಬೀದಿಯನ್ನೇ ಅಂಗೈಗೆ ತಂದಿವೆ. ಮಗನು ಫೋನಿನಲ್ಲಿ ಅಂಥದೊಂದು ಪುಟವನ್ನು ತೆರೆದುಕೊಟ್ಟನು.

ನೋಡುತ್ತೇನೆ, ಒಂದೇ ಬಿಡಿಭಾಗಕ್ಕೆ ಒಬ್ಬನು 900, ಇನ್ನೊಬ್ಬನು 2,400, ಮತ್ತೊಬ್ಬನು 4,000 ಎಂದು ಬರೆದಿದ್ದಾನೆ! ಇವುಗಳಲ್ಲಿ ನಿಜವಾದ ಬೆಲೆ ಯಾವುದು? ಬಹಳ ಹೊತ್ತು ಯೋಚಿಸಿದ ಮೇಲೆ ನನಗೆ ಹೊಳೆದುದಿಷ್ಟು: ಹಳೆಯ ವಸ್ತುವಿನ ಬೆಲೆಗೆ ಮೇಲಣ ಎಲ್ಲೆಯೊಂದು, ಕೆಳಗಣ ಎಲ್ಲೆಯೊಂದು ಇರುವುವು. ಮೇಲಣ ಎಲ್ಲೆಯು ಹೊಸದರ ಇಂದಿನ ಬೆಲೆ. ‘ಇಂದಿನ’ ಎಂಬ ಮಾತನ್ನು ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಮೋಟಾರು ಬಿಡಿಭಾಗಗಳ ಜಿ.ಎಸ್.ಟಿ. ತೆರಿಗೆಯು ಶೇಕಡ 28ರಿಂದ 18ಕ್ಕೆ ಇಳಿಯಿತು. ಮೂಲಬೆಲೆ ಸಾವಿರವಾದರೆ, ಹಿಂದೆ 1,280 ಕೊಡಬೇಕಾಗಿದ್ದಲ್ಲಿ ಈಗ 1,180. ಹಳೆಯ ರಸೀದಿಯನ್ನು ತೋರಿಸಿ ಬೆಲೆ ಹೇಳುವವನಿಗೆ ಇದನ್ನು ವಿನಯದಿಂದ ನೆನಪಿಸಬಹುದು. ಕೆಳಗಣ ಎಲ್ಲೆಯು ತೂಕದ ಬೆಲೆ. ಸುಟ್ಟುಹೋದ ಆಲ್ಟರ್ನೇಟರಿನಲ್ಲಿಯೂ ತಾಮ್ರದ ತಂತಿಯುಂಟು, ಅಲ್ಯೂಮಿನಿಯಮ್ಮಿನ ಕವಚವುಂಟು. ಅದಕ್ಕಿಂತ ಕಡಮೆಗೆ ಯಾರೂ ಕೊಡಲಾರರು, ಕೇಳುವುದೂ ಸಲ್ಲದು.

ಈ ಎರಡು ಎಲ್ಲೆಗಳ ನಡುವೆ ಬೆಲೆಯನ್ನು ಏರಿಸತಕ್ಕವೂ ಇಳಿಸತಕ್ಕವೂ ಕಾರಣಗಳೇ ಹೊರತು ಗಂಟಲಿನ ಬಲವಲ್ಲ. ಓಡುತ್ತಿದ್ದ ಗಾಡಿಯಿಂದ ಕಳಚಿದುದೋ, ಅಪಘಾತವಾದುದರಿಂದಲೋ? ಎಷ್ಟು ವರ್ಷ ದುಡಿದಿದೆ? ಕೆಟ್ಟರೆ ಹಿಂದಕ್ಕೆ ಪಡೆಯುವನೋ? ಕಳಚಿ ಕೂರಿಸುವ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಭಾಗವು ಕೆಟ್ಟದ್ದಾದರೆ ಆ ಕೂಲಿಯನ್ನು ಎರಡು ಸಲ ತೆರಬೇಕಾಗುವುದು. ಬೆಲೆ ಕೇಳುವುದಕ್ಕೆ ಮೊದಲೇ ಭಾಗದ ಮೇಲೆ ಅಚ್ಚಾದ ಸಂಖ್ಯೆಯ ಚಿತ್ರವನ್ನು ತರಿಸಿಕೊಂಡು ತನ್ನ ಗಾಡಿಯದರೊಡನೆ ಹೋಲಿಸತಕ್ಕದ್ದು. ಕನ್ನಡಿ, ದೀಪ ಮೊದಲಾದುವುಗಳಲ್ಲಿ ‘ಎಡ’ ‘ಬಲ’ ಎಂಬುವು ಚಾಲಕನ ಪೀಠದಲ್ಲಿ ಮುಂದೆ ನೋಡಿ ಕುಳಿತವನ ಎಡಬಲಗಳೆಂಬುದನ್ನು ಮರೆಯಬಾರದು. ಟೈರಿನ ಅಂಚಿನಲ್ಲಿ ನಾಲ್ಕು ಅಂಕಿಗಳಿರುವುವು: 2319 ಎಂದಿದ್ದರೆ ಅದು 2019ನೆಯ ಇಸವಿಯ 23ನೆಯ ವಾರದಲ್ಲಿ ಹುಟ್ಟಿದುದು. ಆಲ್ಟರ್ನೇಟರಿಗೆ ಪರೀಕ್ಷೆ ಸುಲಭ. ಎಂಜಿನು ತಿರುಗುತ್ತಿರುವಾಗ ಬ್ಯಾಟರಿಯ ಎರಡು ತುದಿಗಳಲ್ಲಿ ಅಳೆದರೆ ಸುಮಾರು 13.5ರಿಂದ 14.5 ವೋಲ್ಟು ತೋರಬೇಕು. ಆದರೆ ಬ್ರೇಕಿನ ಪ್ಯಾಡು, ಸೀಟಿನ ಪಟ್ಟಿ, ಏರ್‌ಬ್ಯಾಗು ಇವುಗಳನ್ನು ಎಷ್ಟು ಅಗ್ಗಕ್ಕೆ ದೊರೆತರೂ ಹಳೆಯವನ್ನು ಕೊಳ್ಳತಕ್ಕದ್ದಲ್ಲ. ಅಲ್ಲಿ ಉಳಿಯುವುದು ಹಣ, ಪಣಕ್ಕೆ ಬೀಳುವುದು ಹೆಂಡಿರು ಮಕ್ಕಳ ಪ್ರಾಣ.

ಅತಿಯಾದ ಅಗ್ಗವೂ ಶಂಕಾಸ್ಪದವೇ. ನಿಲ್ಲಿಸಿದ ಗಾಡಿಗಳಿಂದ ಕನ್ನಡಿ, ಚಕ್ರಗಳನ್ನು ಕಳಚಿಕೊಂಡು ಹೋಗಿ ಮಾರುವವರುಂಟು. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ನಮ್ಮ ಮೈಸೂರಿನಿಂದ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ, ಹಳೆಯ ವಸ್ತುಗಳನ್ನು ಮಾರುವವನು ಅವು ತನ್ನವೆಂದು ಸಿದ್ಧಪಡಿಸಿದ ಮೇಲೆಯೇ ಪೇಟೆಯ ಅಧಿಕಾರಿಯು ಮಾರಾಟಕ್ಕೆ ಎಡೆಗೊಡಬೇಕೆಂಬ ನಿಯಮವಿದೆ. ಇಂದಿನ ಶಾಸನವೂ ಇದನ್ನು ಬಿಟ್ಟಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಂತೆ, ಕಳವಿನ ಮಾಲೆಂದು ತಿಳಿದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ, ಅಪ್ರಾಮಾಣಿಕವಾಗಿ ಕೊಂಡವನಿಗೆ 3 ವರ್ಷಗಳವರೆಗೆ ಸೆರೆವಾಸವಾಗಬಹುದು. ಆದಕಾರಣ ‘ಇದು ನಿಮ್ಮ ಕೈಗೆ ಹೇಗೆ ಬಂತು?’ ಎಂದು ಕೇಳುವುದು ಅವಮಾನವಲ್ಲ, ಕರ್ತವ್ಯ. 900 ರೂಪಾಯಿಯವನು ಈ ಪ್ರಶ್ನೆಗೆ ಉತ್ತರ ಕೊಡದೆ, ಮುಂಗಡವನ್ನು ಕಳುಹಿಸೆಂದು ಮೂರು ಸಲ ಅವಸರಪಡಿಸಿದನು. ವಸ್ತುವನ್ನು ಕಣ್ಣಾರೆ ಕಾಣುವ ತನಕ ಹಣ ಕೊಡಕೂಡದು. ನಾವು ಮಾರುವವರಾಗಿರುವಾಗ, ‘ಹಣ ಬರಬೇಕಾದರೆ ನಿಮ್ಮ ಗುಪ್ತಸಂಖ್ಯೆಯನ್ನು ಒತ್ತಿರಿ’ ಎಂದು ಯಾರಾದರೂ ಹೇಳಿದರೆ, ಅವನು ವಂಚಕನೆಂದೇ ತಿಳಿಯಬೇಕು. ಯು.ಪಿ.ಐ.ಯಲ್ಲಿ ಗುಪ್ತಸಂಖ್ಯೆ ಬೇಕಾಗುವುದು ಹಣ ಕಳುಹಿಸುವುದಕ್ಕೆ. ಪಡೆಯುವುದಕ್ಕೆ ಎಂದಿಗೂ ಬೇಡ. ಮೋಸಹೋದವರು ಕೂಡಲೆ 1930 ಎಂಬ ಸಂಖ್ಯೆಗೆ ಕರೆಮಾಡತಕ್ಕದ್ದು.

ಇಷ್ಟೆಲ್ಲ ವಿಚಾರಮಾಡಿ ನಾನು 2,400 ರೂಪಾಯಿಯವನಿಗೆ ಫೋನು ಮಾಡಿದೆನು. ಅವನು ಮಂಡ್ಯದ ಬಳಿಯ ಹಳ್ಳಿಯೊಂದರಲ್ಲಿ ಚಿಕ್ಕ ಗ್ಯಾರೇಜನ್ನು ಇಟ್ಟವನು. ಗಿರಾಕಿಯೊಬ್ಬರ ಹಳೆಯ ಗಾಡಿಯನ್ನು ಕಾಗದಪತ್ರ ಸಹಿತ ಕೊಂಡು ಬಿಚ್ಚಿದ್ದನಂತೆ. ತೆರಿಗೆ ಇಳಿದುದನ್ನೂ ಕೂರಿಸುವ ಕೂಲಿಯನ್ನೂ ನಾನು ಹೇಳಿದೆನು. ತಾನು ಬೇರಿಂಗನ್ನು ಹೊಸದಾಗಿ ಹಾಕಿರುವುದನ್ನು ಅವನು ಹೇಳಿದನು. ಎರಡು ಕಡೆಯೂ ಕಾರಣಗಳಿದ್ದುವು. 1,900ಕ್ಕೆ ಮಾತು ನಿಂತಿತು.

ಮರುದಿನ ಮೊಮ್ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದೆನು. ಅವನು ಅದೇ ಬಗೆಯ ಬೇರೊಂದು ಗಾಡಿಗೆ ಭಾಗವನ್ನು ಕೂರಿಸಿ, ಎಂಜಿನು ನಡೆಸಿ, ಮಾಪಕವನ್ನು ನನ್ನ ಕೈಗೇ ಕೊಟ್ಟನು. 14 ವೋಲ್ಟು ತೋರಿತು. ದೋಷವೇನೂ ಕಾಣಲಿಲ್ಲ. ಆದರೂ ಹಣವನ್ನು ಎಣಿಸುವಾಗ ನನ್ನ ಬಾಯಿಂದ ಹೊರಟ ಮಾತು: “ಸಾವಿರದ ಐನೂರು ಮಾಡಿಕೊಳ್ಳಪ್ಪ.” ಇದಕ್ಕೆ ಕಾರಣವೇನೆಂದರೆ, ಕಾರಣವೇ ಇರಲಿಲ್ಲ. ಬಿಚ್ಚಿ ಸಿದ್ಧಪಡಿಸಿದ ಮೇಲೆ ಅವನು ಇಲ್ಲವೆನ್ನಲಾರನೆಂಬ ಧೈರ್ಯವೊಂದೇ.

ಅವನು ಸಿಟ್ಟಾಗಲಿಲ್ಲ. ಕೈಯನ್ನು ಬಟ್ಟೆಗೆ ಒರಸಿಕೊಳ್ಳುತ್ತ, “ಸ್ವಾಮಿ, ನಿನ್ನೆ ಸಂಜೆ ಒಬ್ಬರು ಎರಡು ಸಾವಿರದ ಇನ್ನೂರಕ್ಕೆ ಕೇಳಿದರು. ನಿಮಗೆ ಮಾತು ಕೊಟ್ಟಿದ್ದೇನೆಂದು ಇಲ್ಲವೆಂದೆ” ಎಂದಷ್ಟೇ ಹೇಳಿದನು. ಪಕ್ಕದಲ್ಲಿದ್ದ ಮೊಮ್ಮಗಳು ನನ್ನ ಮುಖವನ್ನು ನೋಡಿ, “ತಾತ, ನೀವು ಫೋನಿನಲ್ಲಿ ಸಾವಿರದ ಒಂಬೈನೂರು ಅಂದಿದ್ದಿರಲ್ಲ?” ಎಂದಳು. ವರ್ಷವರ್ಷವೂ ತರಗತಿಯಲ್ಲಿ ಹರಿಶ್ಚಂದ್ರನ ಕಥೆಯನ್ನು ಕಂಠ ಬಿಗಿದು ವಿವರಿಸುತ್ತಿದ್ದ ನಾನು ತಲೆ ತಗ್ಗಿಸಿದೆನು. ಪ್ರಾಯಶ್ಚಿತ್ತವೆಂಬಂತೆ 2,200 ಕೊಡಹೋದರೆ ಅವನು 300ನ್ನು ಹಿಂದಿರುಗಿಸಿದನು: “ಆಡಿದ ಮಾತು ಸಾವಿರದ ಒಂಬೈನೂರು, ಸ್ವಾಮಿ.”

ಚೌಕಾಸಿಯು ತಪ್ಪಲ್ಲ, ಹಳೆಯ ವಸ್ತುವಿಗೆ ಬೆಲೆ ಹುಟ್ಟುವುದೇ ಅದರಿಂದ. ಆದರೆ ಅದಕ್ಕೆ ಕಾಲವೊಂದುಂಟು. ಮಾತು ಕೊಡುವುದಕ್ಕೆ ಮೊದಲು ಎಷ್ಟು ಬೇಕಾದರೂ ಕೇಳಬಹುದು, ತೂಗಬಹುದು, ಒಲ್ಲೆನೆಂದು ಎದ್ದು ಬರಬಹುದು. ಮಾತು ಕೊಟ್ಟ ಮೇಲೆ, ಹೇಳದೆ ಮುಚ್ಚಿಟ್ಟ ದೋಷವು ಬಯಲಾದ ಹೊರತು, ಒಂದು ಕಾಸನ್ನೂ ತಗ್ಗಿಸಲಾಗದು. ಬಸ್ಸಿನಲ್ಲಿ ಹಿಂದಿರುಗುವಾಗ ಮೊಮ್ಮಗಳು ಆ ಭಾರವಾದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಅದು ಏನು ಕೆಲಸ ಮಾಡುವುದೆಂದು ಕೇಳಿದಳು. ಹೇಳಿದೆನು. ಬೆಲೆಯ ವಿಷಯವನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.